ಕ್ಯಾಮೆರಾ ಡಿಸೈನರ್ ಅಂದರೆ ಹೊರಗಿನ ಆಕಾರ ಬಿಡಿಸುವವರು ಮಾತ್ರವೇ?

ಅಲ್ಲ. ಒಲಿಂಪಸ್ ಕಂಪನಿಯ ಯೋಶಿಹಿಸಾ ಮೈತಾನಿ ವಿಷಯದಲ್ಲಂತೂ ಖಂಡಿತ ಅಲ್ಲ. ನಾನು ಅವರ ಕ್ಯಾಮೆರಾ ಬಳಸುವವನು, ಹಾಗಾಗಿ ಸ್ವಲ್ಪ ಪಕ್ಷಪಾತ ಕಂಡರೆ ಸಹಿಸಿಕೊಳ್ಳಿ.

ಮೈತಾನಿ ಹುಟ್ಟಿದ್ದು 1933ರಲ್ಲಿ, ಜಪಾನಿನ ಕಾಗಾವಾದಲ್ಲಿ. ಮನೆಯವರದು ಸೋಯಾ ಸಾಸ್ ತಯಾರಿಸುವ ಕಸುಬು. ಇವರು ಓದಿದ್ದು ವಾಸೆದಾ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ವಿದ್ಯಾರ್ಥಿಯಾಗಿದ್ದಾಗಲೇ ಕ್ಯಾಮೆರಾಕ್ಕೆ ಸಂಬಂಧಿಸಿದ ಪೇಟೆಂಟ್ ಮಾಡಿಸಿದ್ದರು. ಅದು ಒಲಿಂಪಸ್‌ನವರ ಕಣ್ಣಿಗೆ ಬಿತ್ತು. 1956ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು.

ಅವರ ಬುದ್ಧಿ ಎಂಥದ್ದು ಅಂತ ತಿಳಿಯಬೇಕಾದರೆ 1959ರ 'ಪೆನ್' ನೋಡಬೇಕು. ಗುರಿ ಇದ್ದದ್ದು 6,000 ಯೆನ್ ಬೆಲೆಯ ಕ್ಯಾಮೆರಾ. ಖರ್ಚು ಇಳಿಸಬೇಕು ಅಂದರೆ ಯಾರಾದರೂ ಮೊದಲು ಲೆನ್ಸ್‌ಗೆ ಕತ್ತರಿ ಹಾಕುತ್ತಾರೆ, ಅಲ್ವಾ? ಇವರು ಮೊದಲು ಒಳ್ಳೆಯ ಲೆನ್ಸ್ ಮಾಡಿಸಿದರು. ಉಳಿದ ಚೂರುಪಾರು ದುಡ್ಡಿನಲ್ಲಿ ಮಿಕ್ಕ ಕ್ಯಾಮೆರಾ! ರೀಲು ಸುತ್ತಲು ಲಿವರ್ ಇಲ್ಲ, ಹಿಂದೆ ಹೆಬ್ಬೆರಳಿನಿಂದ ತಿರುಗಿಸುವ ಒಂದು ಚಕ್ರ ಅಷ್ಟೇ. ಫ್ರೇಮ್ ಅರ್ಧ ಅಳತೆಯದು, 18 x 24 ಮಿ.ಮೀ. ಹಾಗಾಗಿ 36ರ ರೀಲಿನಲ್ಲಿ 72 ಫೋಟೋ. ರೀಲಿಗೆ ದುಡ್ಡು ಎಣಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

1963ರ ಪೆನ್ ಎಫ್‌ನಲ್ಲಿ ಎಸ್‌ಎಲ್‌ಆರ್‌ಗಳ (ಲೆನ್ಸ್ ಕಾಣುವ ದೃಶ್ಯವನ್ನೇ ಒಳಗಿನ ಕನ್ನಡಿಯ ಮೂಲಕ ತೋರಿಸುವ ಕ್ಯಾಮೆರಾಗಳು) ತಲೆಯ ಮೇಲಿನ ಗೂನನ್ನೇ ತೆಗೆದರು. ಒಳಗಿನ ಕನ್ನಡಿ ಮೇಲಕ್ಕಲ್ಲ, ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಒಳಗಿನ ಯಂತ್ರವನ್ನೇ ಬದಲಿಸದೆ ಆ ಆಕಾರ ಬರುವಂತಿರಲಿಲ್ಲ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

1972ರಲ್ಲಿ ಬಂದದ್ದು ಎಂ-1 ಅನ್ನುವ ಎಸ್‌ಎಲ್‌ಆರ್. ಆ ಹೆಸರಿಗೆ ಜರ್ಮನಿಯ ಕ್ಯಾಮೆರಾ ಕಂಪನಿ ಲೈಕಾದವರು ತಕರಾರು ತೆಗೆದರು, ಓಎಂ-1 ಆಯಿತು. ತೂಕ ಸುಮಾರು ಅರ್ಧ ಕಿಲೋ. ಗಾತ್ರ ಚಿಕ್ಕದು, ಆದರೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಮಾತ್ರ ದೊಡ್ಡದು. ಕನ್ನಡಿ ಬಡಿಯುವ ಸದ್ದು ತಗ್ಗಿಸಲು ಗಾಳಿಯ ಡ್ಯಾಂಪರ್ (ಹೊಡೆತ ತಗ್ಗಿಸುವ ಸಾಧನ) ಇಟ್ಟರು. ಶಟರ್ (ಬೆಳಕನ್ನು ಒಳಗೆ ಬಿಡುವ ಪರದೆ) ವೇಗ ಹೊಂದಿಸುವ ಉಂಗುರ ಲೆನ್ಸ್ ಕೂರುವ ಜಾಗದ ಸುತ್ತ ಬಂತು.

ನಾನು ಬಳಸುವುದು 1979ರ ಎಕ್ಸ್‌ಎ. ಮುಂದಿನ ಮುಚ್ಚಳ ಸರಿಸಿದರೆ ಕ್ಯಾಮೆರಾ ರೆಡಿ. ಕ್ಯಾಪ್, ಕೇಸು ಎರಡೂ ಬೇಡ. ಸುಮ್ನೆ ಜೇಬಿಗೆ ಹಾಕಿಕೊಂಡು ಹೋಗಬಹುದು.

ಮೈತಾನಿ 2009ರಲ್ಲಿ ತೀರಿಕೊಂಡರು. ಅವರ ಕೆಲಸವನ್ನು ಕೈಯಲ್ಲಿ ಹಿಡಿದು ನೋಡುವ ಆಸೆ ಇದ್ದರೆ ಹಳೆಯ ಮೊದಲ ಪೆನ್ ಹುಡುಕಿ. ಅದಕ್ಕೆ ಬ್ಯಾಟರಿಯೇ ಬೇಕಿಲ್ಲ. ಓಎಂ-1ರ ಬೆಳಕು ಅಳೆಯುವ ಮೀಟರಿಗೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. ಆದರೂ ಅದರ ಶಟರ್ ಬ್ಯಾಟರಿ ಇಲ್ಲದೆಯೂ ಓಡುತ್ತದೆ.