ಅಡುಗೆಮನೆ ಈಗಲೇ ಬೇಡ, ಮೊದಲು ಸೋರಿಕೆ ನೋಡಿ

ಅಡುಗೆಮನೆ ಹೊಸದು ಮಾಡಿಸಿ ಬಾಡಿಗೆ ಶೇ. 5 ಏರಿಸುತ್ತೇನೆ, ಈಗಿರುವವರು ಬಿಟ್ಟುಹೋದರೂ ಪರವಾಗಿಲ್ಲವೇ ಅಂತ ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ಮನೆ ಒಂದೇ ತಿಂಗಳು ಖಾಲಿ ಬಿದ್ದರೂ ವರ್ಷದ ಬಾಡಿಗೆಯಲ್ಲಿ ಸುಮಾರು ಶೇ. 8.3 ಹೋಯಿತು. ಶೇ. 5ರ ಏರಿಕೆಯಿಂದ ಅಷ್ಟನ್ನು ತುಂಬಿಕೊಳ್ಳಲು 20 ತಿಂಗಳು ಬೇಕು. ಬಣ್ಣ, ದಲ್ಲಾಳಿ ಖರ್ಚು ಬೇರೆ.

ಸದ್ಯಕ್ಕೆ ನೀರು ಸೋರುವ ಜಾಗ, ಹಳೆಯ ವೈರಿಂಗ್ ಸರಿಮಾಡಿಸಿ. ತೇವ ಒಳಗಿಳಿದರೆ ಗಾರೆ ಉದುರುತ್ತೆ, ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿಯುತ್ತೆ. ಆಮೇಲಿನ ರಿಪೇರಿ ನಿಜಕ್ಕೂ ದುಬಾರಿ. ಬಾಡಿಗೆದಾರರು ದೂರು ಹೇಳಿದ ತಕ್ಷಣ ಸ್ಪಂದಿಸಿ, ಒಳ್ಳೆಯವರು ಉಳಿಯುವುದು ಅದರಿಂದಲೇ.

ಮನೆ ತಾನಾಗಿ ಖಾಲಿಯಾದಾಗ ಅಡುಗೆಮನೆ ಯೋಚಿಸಿ. ಆಗಲೂ ಒಟ್ಟು ಖರ್ಚನ್ನು ವರ್ಷಕ್ಕೆ ಹೆಚ್ಚುವರಿ ಬರುವ ಬಾಡಿಗೆಯಿಂದ ಭಾಗಿಸಿ. ಉತ್ತರ ಐದಾರು ವರ್ಷ ದಾಟಿದರೆ ನಾನಂತೂ ಕೈಹಾಕುವುದಿಲ್ಲ.