ಮಳೆ ಮಾಪನದ ಬಗ್ಗೆ ಕೇಳುವವನೂ ಮತದಾರನೇ

ಕುಮಟಾದಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಕಾಗದ ಉದ್ದವಿದೆ. ಮುಖ್ಯ ಭಾಗ ಇಷ್ಟು:

“ನಿಮ್ಮ ಪತ್ರಿಕೆಯಲ್ಲಿ ಪದೇ ಪದೇ ಹವಾಮಾನ ಬದಲಾವಣೆಯ ಲೇಖನ ಬರುತ್ತದೆ. ಯಾರಿಗಾಗಿ? 2024ರ ಮೇ 7ರಂದು ನಮ್ಮ ಉತ್ತರ ಕನ್ನಡ ಜಿಲ್ಲೆ ಓಟು ಹಾಕಿತು. ನಾನು ಹೋದ ಯಾವ ಪ್ರಚಾರ ಸಭೆಯಲ್ಲೂ ಆ ಮಾತು ಬರಲಿಲ್ಲ. ಅಭ್ಯರ್ಥಿ ಎತ್ತಲಿಲ್ಲ, ಮತದಾರ ಕೇಳಲಿಲ್ಲ. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಮೇಲೂ ಜನ ಬೈದದ್ದು ರಸ್ತೆ ಮಾಡಿದವರಿಗೆ, ಕೇಳಿದ್ದು ಪರಿಹಾರ. ಕಾಡು ಉಳಿಸಲು ಅಪ್ಪಿಕೋ ಚಳವಳಿ ಮಾಡಿದ ಶಿರಸಿ ಸೀಮೆಯವರೇ ಇವತ್ತು ಪಶ್ಚಿಮ ಘಟ್ಟ ಉಳಿಸುವ ಕಸ್ತೂರಿರಂಗನ್ ವರದಿ ಬೇಡ ಅನ್ನುತ್ತಾರೆ. ಹೊಟ್ಟೆ ತುಂಬಿದವರ ಚಿಂತೆಯನ್ನು ಬಡ ಮತದಾರನ ತಲೆಗೆ ಕಟ್ಟಬೇಡಿ.”

ಮಾಸ್ತರರೇ, ಇಷ್ಟು ಖಾರವಾಗಿ ಬರೆದದ್ದು ಸಂತೋಷ. ಓದಿ ಸಿಟ್ಟಾಗುವ ಓದುಗರು ಪತ್ರಿಕೆಗೆ ಬೇಕು. ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಮೊದಲು ಒಪ್ಪುತ್ತೇನೆ. 2024ರ ಚುನಾವಣೆಗೆ ಮುಂಚೆ ದೆಹಲಿಯ ಸಂಶೋಧನಾ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 27 ಜನ ನಿರುದ್ಯೋಗವೇ ದೊಡ್ಡ ಸಮಸ್ಯೆ ಎಂದರು, 23 ಜನ ಬೆಲೆ ಏರಿಕೆ ಎಂದರು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಆಸ್ಪತ್ರೆಯನ್ನೂ ಸೇರಿಸಬೇಕು. ರಾತ್ರಿ ಎದೆನೋವು ಬಂದರೆ ಮಣಿಪಾಲವೋ ಗೋವಾವೋ ಹುಬ್ಬಳ್ಳಿಯೋ ಎಂದು ಲೆಕ್ಕ ಹಾಕುವ ಮನೆಯವರು ಓಟಿನ ಹೊತ್ತಿಗೆ ಆಸ್ಪತ್ರೆ ಕೇಳುತ್ತಾರೆ. ಕೇಳಲೇಬೇಕು. ಅದರಲ್ಲಿ ನಮಗೆ ತಕರಾರಿಲ್ಲ.

ಆದರೆ ಅಲ್ಲಿಂದ ನೀವು ಹೊರಟ ದಾರಿ ತಪ್ಪು. ಮತದಾರ ಹವಾಮಾನದ ಬಗ್ಗೆ ಕೇಳಲಿಲ್ಲ ಅನ್ನುತ್ತೀರಿ. ಅವನು ಕೇಳಿದ್ದಾನೆ. ಉತ್ತರ ಹೇಳಬೇಕಾದವರು ಬೇರೆ ಮಾತಾಡಿ ಎದ್ದು ಹೋಗಿದ್ದಾರೆ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

2023ರ ವಿಧಾನಸಭಾ ಚುನಾವಣೆ ಹೊತ್ತಿಗೆ ಶಿರಸಿ ಹತ್ತಿರದ ಒಂದು ಹಳ್ಳಿಯ ಸಭೆಗೆ ಹೋಗಿದ್ದೆ. ಶಾಲೆ ಜಗುಲಿ, ನಲವತ್ತು-ಐವತ್ತು ಜನ. ಅಭ್ಯರ್ಥಿ ರಸ್ತೆ ಬಗ್ಗೆ, ದೇಶದ ಬಗ್ಗೆ ಮಾತಾಡಿ ಮುಗಿಸಿದರು. ಹಿಂದೆ ಕೂತಿದ್ದ ಹೆಂಗಸೊಬ್ಬರು ಎದ್ದು ನಿಂತರು. “ಎರಡನೇ ಮದ್ದು ಹೊಡೆಯೋಕೆ ಮಳೆ ಬಿಡಲೇ ಇಲ್ಲ. ಅರ್ಧ ತೋಟದ ಅಡಿಕೆ ಕೊಳೆತು ಬಿತ್ತು. ವಿಮೆ ಕೇಳಿದರೆ ನಿಮ್ಮ ಪಂಚಾಯ್ತಿಯಲ್ಲಿ ಅಷ್ಟು ಮಳೆನೇ ಆಗಿಲ್ಲ ಅಂತಾರೆ. ಆ ಮಳೆ ಅಳೆಯೋ ಯಂತ್ರ ನೋಡೋರು ಯಾರು?” ಅಭ್ಯರ್ಥಿ ನಕ್ಕು, “ಅಧಿಕಾರಿಗಳ ಹತ್ತಿರ ಮಾತಾಡ್ತೇನೆ ಅಕ್ಕ” ಅಂದರು. ಕಾರು ಹೊರಟಿತು.

ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಿ ಮಾಸ್ತರರೇ. ಮೈಲುತುತ್ತ, ಸುಣ್ಣ ಕದಡಿ ಬೋರ್ಡೋ ದ್ರಾವಣ ಮಾಡುವುದು, ಮಳೆಗಾಲ ಹಿಡಿಯುವುದಕ್ಕೆ ಮುಂಚೆ ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಅಡಿಕೆಯ ಕೊನೆಗೆ (ಗೊನೆಗೆ) ಹೊಡೆಯುವುದು ನಮ್ಮ ಸೀಮೆಯ ಹಳೇ ಕ್ರಮ. ಕೊಳೆರೋಗಕ್ಕೆ ಈ ಮದ್ದನ್ನು ಅಡಿಕೆ ರೈತರಿಗೆ ಕಲಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ನೂರು ವರ್ಷದ ಮೇಲಾಯ್ತು. ಆ ಕ್ರಮ ನಿಂತಿರುವುದೇ ಮಳೆ ನಡುವೆ ಒಂದೆರಡು ದಿನ ಬಿಡುವು ಕೊಡುತ್ತದೆ ಎಂಬ ನಂಬಿಕೆ ಮೇಲೆ. ಜುಲೈಯಲ್ಲಿ ಹಗಲೂ ರಾತ್ರಿ ಹೊಯ್ದರೆ ಮದ್ದು ಹೊಡೆಯುವ ಕೊನೆಗೌಡ ಮರ ಹತ್ತುವುದಿಲ್ಲ. ಹತ್ತಿದರೂ ಹೊಡೆದ ಮದ್ದು ಕೊನೆಯಲ್ಲಿ ನಿಲ್ಲುವುದಿಲ್ಲ. ಒಣಗಬೇಕಲ್ಲ. ಎರಡು ವಾರ ಕಳೆದರೆ ಮರದ ಬುಡದಲ್ಲಿ ಎಳೆ ಅಡಿಕೆ ಬಿಳಿ ಬೂಸಲು ಹಿಡಿದು ಬಿದ್ದಿರುತ್ತದೆ. ಈಗೀಗ ಎಲೆಚುಕ್ಕಿ ರೋಗ ಬೇರೆ. ಇನ್ನು ಅಕ್ಟೋಬರ್, ನವೆಂಬರ್ ಮಳೆ ಅಂಗಳದಲ್ಲಿ ಹರವಿದ್ದನ್ನೂ ಬಿಡುವುದಿಲ್ಲ.

ಇದಕ್ಕೆ ಸರ್ಕಾರ ಕೊಟ್ಟ ಉತ್ತರ ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ರೈತನ ಕಂತು ನೂರಕ್ಕೆ 5, ಅಂದರೆ 6,400. ಈ ವಿಮೆಯಲ್ಲಿ ತೋಟಕ್ಕೆ ಬಂದು ಹಾನಿ ನೋಡುವವರಿಲ್ಲ. ಪಂಚಾಯ್ತಿಯ ಮಳೆ ಮಾಪನ ಏನು ಹೇಳುತ್ತದೋ ಅದೇ ತೀರ್ಪು. ಇಷ್ಟು ದಿನದಲ್ಲಿ ಇಷ್ಟು ಮಿಲಿಮೀಟರ್ ದಾಟಿತಾ, ಹಣ. ದಾಟಲಿಲ್ಲವಾ, ಇಲ್ಲ. ಹಾಗಾಗಿ ನಮ್ಮ ರೈತನ ಇಡೀ ವರ್ಷದ ಬದುಕು ಪಂಚಾಯ್ತಿ ಕಟ್ಟಡದ ಮೇಲಿರುವ ಒಂದು ಯಂತ್ರಕ್ಕೆ ಅಂಟಿಕೊಂಡಿದೆ.

ಅಂಥ ಒಂದು ಯಂತ್ರವನ್ನು ಹತ್ತಿ ನೋಡಿದೆ. ಯಾವ ಪಂಚಾಯ್ತಿ ಎಂದು ಬರೆಯುವುದಿಲ್ಲ. ಒಂದೇ ಊರಿನವರನ್ನು ಅವಮಾನಿಸುವ ಉದ್ದೇಶ ನನಗಿಲ್ಲ. ಸೌರ ಫಲಕದ ಮೇಲೆ ಪಾಚಿ ಕಟ್ಟಿತ್ತು. ಪಕ್ಕದ ಹಲಸಿನ ಮರದ ಟೊಂಗೆ ನೇರ ಯಂತ್ರದ ಮೇಲೆಯೇ ಬಾಗಿತ್ತು. ಮಳೆ ನೀರು ಇಳಿಯಬೇಕಾದ ಆಲಿಕೆಯಲ್ಲಿ ಒಣ ಎಲೆ, ಕಡ್ಡಿ, ಯಾವುದೋ ಹುಳದ ಮಣ್ಣಿನ ಗೂಡು. ಜತೆಗಿದ್ದ ಪಂಚಾಯ್ತಿ ಸಿಬ್ಬಂದಿ, “ಅದನ್ನು ಮುಟ್ಟೋಕೆ ನಮಗೆ ಅಧಿಕಾರ ಇಲ್ಲ ಸಾರ್” ಅಂದರು. ಆ ಯಂತ್ರ ಆ ವರ್ಷ ಎಷ್ಟು ಮಳೆ ಬರೆದುಕೊಂಡಿತೋ, ಆ ಪಂಚಾಯ್ತಿಯ ತೋಟದವರಿಗೆ ಅಷ್ಟೇ ಮಳೆ ಬಿದ್ದದ್ದು.

ಈಗ ಹೇಳಿ. ಆ ಹೆಂಗಸು ಕೇಳಿದ್ದು ಹವಾಮಾನದ ಪ್ರಶ್ನೆ ಅಲ್ವಾ? ಪ್ಯಾರಿಸ್ ಒಪ್ಪಂದ, ಒಂದೂವರೆ ಡಿಗ್ರಿ ಎಂದಿದ್ದರೆ ಮಾತ್ರ ನೀವು ಲೆಕ್ಕಕ್ಕೆ ಹಿಡಿಯುತ್ತಿದ್ದಿರಾ? ಆಕೆ ಶಾಸಕನ ಕೈಯಲ್ಲಿ ಆಗುವಂಥದ್ದನ್ನು ಕೇಳಿದಳು. ಮತದಾರ ಯಾವತ್ತೂ ಹಾಗೇ. ಯಾರನ್ನು ಹಿಡಿದು ಕೇಳಬಹುದೋ ಅವರನ್ನು, ಏನು ಸಿಗಬಹುದೋ ಅದನ್ನು ಕೇಳುತ್ತಾನೆ. ಇದು ಅಜ್ಞಾನ ಅಲ್ಲ, ವ್ಯವಹಾರ ಜ್ಞಾನ.

ಕರಾವಳಿಗೆ ಬನ್ನಿ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನವರು ಕೇಳುವುದು ಡೀಸೆಲ್ ಸಬ್ಸಿಡಿ. ನಾಡದೋಣಿಯವರು ಕೇಳುವುದು ಸೀಮೆಎಣ್ಣೆ. ಕೇಳಿದವರಿಗೆ ಇದು ಸುಮ್ನೆ ಬಿಟ್ಟಿ ಬೇಡಿಕೆ ಎನಿಸಬಹುದು. ಯಾಕೆ ಡೀಸೆಲ್ ಜಾಸ್ತಿ ಬೇಕು ಎಂದು ಮುಂದಿನ ಪ್ರಶ್ನೆ ಹಾಕಿ ನೋಡಿ. ಬಂಗಡೆ, ತಾರ್ಲೆ (ಬೂತಾಯಿ) ಮೀನು ಮೊದಲಿನ ಜಾಗದಲ್ಲಿ, ಮೊದಲಿನ ಹೊತ್ತಿನಲ್ಲಿ ಸಿಗುವುದಿಲ್ಲ, ದೂರ ಹೋಗಬೇಕು ಅನ್ನುತ್ತಾರೆ. ಕೇರಳದಲ್ಲಿ 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ತಾರ್ಲೆ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ. ನಮ್ಮದೂ ಅದೇ ಸಮುದ್ರ. ಎಲ್ಲ ತಪ್ಪೂ ಬಿಸಿಯಾದ ನೀರಿನದಲ್ಲ. ಮರಿ ಮೀನನ್ನೂ ಬಿಡದೆ ಬಾಚುವ ಬಲೆಯದೂ ಪಾಲಿದೆ, ನಿಷೇಧವಿದ್ದರೂ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್‌ನದೂ ಪಾಲಿದೆ. ಅದನ್ನು ಮೀನುಗಾರರೇ ನನಗಿಂತ ಚೆನ್ನಾಗಿ ಹೇಳುತ್ತಾರೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಎಲ್ಲೆಲ್ಲಿಯದೋ ಬೋಟುಗಳು ಕಾರವಾರಕ್ಕೆ ಓಡಿ ಬಂದವು. 2021ರ ಮೇಯಲ್ಲಿ ತೌಕ್ತೆ. ಸುಗ್ಗಿ ದಿನಗಳಲ್ಲೇ ಕಡಲಿಗೆ ಇಳಿಯಬೇಡಿ ಅನ್ನುವ ಎಚ್ಚರಿಕೆ ಬಂದರೆ ಮನೆ ಹೇಗೆ ನಡೆಯಬೇಕು? ಡೀಸೆಲ್ ಕೇಳುವ ಮೀನುಗಾರನಿಗೆ ಹವಾಮಾನ ಗೊತ್ತಿಲ್ಲ ಅನ್ನುವುದು ಅನ್ಯಾಯ.

ಶಿರೂರಿನ ಮಾತು. ಇಲ್ಲಿ ನನಗೆ ನಿಮ್ಮ ಮೇಲೆ ನಿಜಕ್ಕೂ ಬೇಸರವಾಯಿತು. ಜನ ರಸ್ತೆ ಮಾಡಿದವರನ್ನು ಬೈದರು ಎಂಬುದನ್ನು ನೀವು ಅವರ ತಿಳಿವಳಿಕೆ ಕಡಿಮೆ ಎನ್ನುವುದಕ್ಕೆ ಸಾಕ್ಷಿ ಮಾಡಿದ್ದೀರಿ. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದರು. ಅದರ ಮೇಲೆ ವಿಪರೀತ ಮಳೆ ಹೊಯ್ದಿತು. ಗುಡ್ಡ ಚಹಾ ಅಂಗಡಿಯನ್ನು, ಲಾರಿಗಳನ್ನು, ನಿಂತಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ಎದುರು ದಡದ ಉಳವರೆಯ ಮನೆಗಳಿಗೂ ನೀರು ನುಗ್ಗಿತು. ಮಳೆ ಜಾಸ್ತಿಯಾಯಿತು, ಪ್ರಕೃತಿ ವಿಕೋಪ, ಏನು ಮಾಡೋದು ಎಂದು ಕೈ ಚೆಲ್ಲಿದರೆ ಯಾರಿಗೆ ಲಾಭ? ಗುಡ್ಡ ಕಡಿದವರಿಗೆ, ಕಡಿಯಲು ಬಿಟ್ಟವರಿಗೆ. ಹವಾಮಾನ ಬದಲಾವಣೆ ಈಗ ಅಧಿಕಾರದಲ್ಲಿ ಇರುವವರಿಗೆ ಒಳ್ಳೇ ನೆಪವಾಗಿದೆ. ಆ ನೆಪವನ್ನು ನಮ್ಮ ಜನ ಒಪ್ಪಲಿಲ್ಲ. ಮಳೆ ಬದಲಾಗಿದೆ ಎಂದು ಗೊತ್ತಿದ್ದ ಮೇಲೆ ಆ ಮಳೆಗೆ ತಕ್ಕಂತೆ ಗುಡ್ಡ ಕಡಿಯಬೇಕಿತ್ತಲ್ಲ ಎಂದು ಕೇಳಿದರು. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಹೀಗೇ ಗುಡ್ಡ ಕುಸಿದಿತ್ತು. ಇಷ್ಟನ್ನು ನೋಡಿಯೂ ಕಲಿಯದವರು ಮತದಾರರಲ್ಲ.

ಕಸ್ತೂರಿರಂಗನ್ ವರದಿ ಬಗ್ಗೆಯೂ ಒಂದು ಮಾತು. ವಿರೋಧ ಇದೆ, ನಿಜ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟವೂ ಅದನ್ನು ತಿರಸ್ಕರಿಸಿತು. ಅದು ನನಗೆ ನೋವಿನ ವಿಷಯ, ಆ ವರದಿಯಲ್ಲಿ ಬೇಕಾದ ಮಾತುಗಳು ಬೇಕಷ್ಟಿದ್ದವು. ಆದರೆ ವಿರೋಧಿಸಿದವರ ಮನೆಗೆ ಹೋಗಿ ಕೂತು ಮಾತಾಡಿದ್ದೇನೆ. ಕಾಡಿನ ಮೇಲಿನ ದ್ವೇಷ ಅವರಲ್ಲಿ ಕಾಣಲಿಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, 75 ವರ್ಷದ ದಾಖಲೆ ತನ್ನಿ ಎನ್ನಿಸಿಕೊಂಡು, ತಿರಸ್ಕೃತ ಎಂಬ ಚೀಟಿ ಇಟ್ಟುಕೊಂಡು ಕೂತ ಮನೆಗಳವು. ಸೂಕ್ಷ್ಮ ಪ್ರದೇಶ ಎಂಬ ಇನ್ನೊಂದು ನಕ್ಷೆ ಬಂದರೆ ಎಬ್ಬಿಸುತ್ತಾರೆ ಎಂಬ ಭಯ ಅವರದು. ಘಟ್ಟದ ಬಗ್ಗೆ ಅದಕ್ಕೂ ಮುಂಚೆ ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಹೇಳಿತ್ತು, ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಿ ಎಂದು. ಆ ವರದಿಯನ್ನು ಕನ್ನಡದಲ್ಲಿ ಊರೂರಿಗೆ ಒಯ್ದು ಓದಿ ಹೇಳಿದ ಜನಪ್ರತಿನಿಧಿ ಒಬ್ಬರನ್ನಾದರೂ ನಾನು ಕಂಡಿಲ್ಲ. ಹೆದರಿಸಿದವರು ಬೇಕಾದಷ್ಟು ಜನ ಸಿಕ್ಕಿದರು.

ಇದೇ ಜಿಲ್ಲೆ ಮಾಸ್ತರರೇ, 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯಿಂದ ಹೋಗಿ ಮರ ಅಪ್ಪಿಕೊಂಡದ್ದು. ಅದಕ್ಕೂ ಮುಂಚೆ ಬೇಡ್ತಿ ಅಣೆಕಟ್ಟೆ ನಿಲ್ಲಿಸಿದ್ದು. ನಿಮ್ಮ ಕುಮಟಾ ತಾಲೂಕಿನ ಕತೆ ನಿಮಗೆ ನಾನು ಹೇಳಬೇಕಾ? ತದಡಿಯಲ್ಲಿ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು. ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು, ಮೀನುಗಾರರು ಬೀದಿಗಿಳಿದರು. ಅವರೆಲ್ಲ ಹೊಟ್ಟೆ ತುಂಬಿದವರಾ? ಸ್ಥಾವರ ಬರಲಿಲ್ಲ. ಬಂದಿದ್ದರೆ ದಿನಕ್ಕೆ ಎಷ್ಟು ಸಾವಿರ ಟನ್ ಕಲ್ಲಿದ್ದಲು ಉರಿಯುತ್ತಿತ್ತು, ಯೋಚಿಸಿ. ತದಡಿ ಇರುವ ಅದೇ ಅಘನಾಶಿನಿ ನದಿಯ ಅಳಿವೆಗೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ರಾಮ್ಸರ್ ಮಾನ್ಯತೆ ಘೋಷಣೆಯಾಯಿತು. ದೇಶದ ಯಾವ ಪಕ್ಷದ ಪ್ರಣಾಳಿಕೆಯೂ ಮಾಡದ ಹವಾಮಾನದ ಕೆಲಸವನ್ನು ಅಳಿವೆಯ ಕೆಸರಿನಲ್ಲಿ ನಿಂತು ದುಡಿಯುವವರು ಮಾಡಿದರು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಸಿವೋಟರ್ ಎಂಬ ಸಮೀಕ್ಷಾ ಸಂಸ್ಥೆ ಸೇರಿ ನಮ್ಮ ದೇಶದಲ್ಲಿ ಮಾಡಿದ ಸಮೀಕ್ಷೆಯೊಂದು 2022ರಲ್ಲಿ ಬಂತು. ಜಾಗತಿಕ ತಾಪಮಾನ ಏರಿಕೆ ಬಗ್ಗೆ ಕೇಳೇ ಇಲ್ಲ ಅಥವಾ ತುಸು ಮಾತ್ರ ಗೊತ್ತು ಎಂದವರು ನೂರಕ್ಕೆ 54. ಅದೇನು ಎಂದು ಎರಡು ಸಾಲಲ್ಲಿ ವಿವರಿಸಿ ಕೇಳಿದಾಗ, ಹೌದು ಅದು ಆಗುತ್ತಿದೆ ಎಂದವರು 84. ಜನರಿಗೆ ತಿಳಿದಿದೆ. ಅವರೊಡನೆ ಕೂತು ಎರಡು ಸಾಲು ಮಾತಾಡುವ ವ್ಯವಧಾನ ಪಕ್ಷಗಳಿಗಿಲ್ಲ.

ನನ್ನ ದೊಡ್ಡ ಸಿಟ್ಟು ಇರುವುದು ಇಲ್ಲಿ. ಮಳೆ, ಮೀನು, ಗುಡ್ಡ, ಕಡಲ ಕೊರೆತ ಎಲ್ಲವನ್ನೂ ನಮ್ಮ ರಾಜಕೀಯ ಪರಿಹಾರದ ಚೆಕ್ಕಿಗೆ ಇಳಿಸಿಬಿಟ್ಟಿದೆ. ಅನಾಹುತ ಆಗಬೇಕು, ಮಂತ್ರಿ ಬರಬೇಕು, ಫೋಟೋ ಬರಬೇಕು, ಚೆಕ್ ಕೊಡಬೇಕು. ಕಡಲು ಕೊರೆದರೆ ಕಲ್ಲು ತಂದು ಸುರಿಯುತ್ತಾರೆ, ಮುಂದಿನ ಮಳೆಗಾಲದಲ್ಲಿ ಮತ್ತೆ ಕಲ್ಲು. ಅನಾಹುತಕ್ಕೆ ಮುಂಚಿನ ಕೆಲಸಕ್ಕೆ ಫೋಟೋ ಇಲ್ಲ, ಹಾಗಾಗಿ ದುಡ್ಡೂ ಇಲ್ಲ. ಆ ಕೆಲಸ ಆಗಬೇಕಾದ ಜಾಗ ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿ. ಅವಕ್ಕೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಕೈಯಲ್ಲೇ ಆಡಳಿತ ನಡೆಯಿತು. ಮತದಾರನಿಗೆ ಆಸಕ್ತಿ ಇಲ್ಲ ಅನ್ನುತ್ತೀರಲ್ಲ, ಅವನ ಕೈಯಿಂದ ಆ ಓಟನ್ನೇ ಕಸಿದುಕೊಂಡದ್ದು ಯಾರು? ಇದರ ಬಗ್ಗೆ ನಮ್ಮ ಟೀವಿಗಳಲ್ಲಿ ಒಂದು ಸಂಜೆಯ ಚರ್ಚೆ ಆಗಿದ್ದು ನನಗೆ ನೆನಪಿಲ್ಲ. ನಾವು ಪತ್ರಿಕೆಯವರೂ ಮಳೆಗಾಲದ ಪುಟಗಳನ್ನು ಮುಳುಗಿದ ಮನೆಗಳ ಚಿತ್ರದಿಂದ ತುಂಬಿಸಿ ಅಕ್ಟೋಬರಿಗೆ ಬೇರೆ ಸುದ್ದಿಗೆ ಹೊರಳಬಾರದು. ಅದಕ್ಕೇ ಆ ಲೇಖನಗಳು ಪದೇ ಪದೇ ಬರುತ್ತಿವೆ, ಮುಂದೆಯೂ ಬರುತ್ತವೆ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಊರಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ, ನಿಮ್ಮ ಹತ್ತಿರ ಕಲಿತವರು ಇವತ್ತು ಪಂಚಾಯ್ತಿ ಸದಸ್ಯರೂ ಆಗಿರಬಹುದು. ನಿಮ್ಮ ಪಂಚಾಯ್ತಿಯ ಮಳೆ ಮಾಪನ ಎಲ್ಲಿದೆ, ಕೆಲಸ ಮಾಡುತ್ತಿದೆಯಾ, ಅದರ ದುರಸ್ತಿ ಯಾರ ಹೊಣೆ, ಕಳೆದ ಜುಲೈಯಲ್ಲಿ ಅದು ಎಷ್ಟು ಮಳೆ ತೋರಿಸಿತು. ಇಷ್ಟನ್ನು ಕೇಳಿ ಬರೆದು ಕಳಿಸಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಎಂದೇ ಬರೆಯಿರಿ, ಅಚ್ಚು ಹಾಕುತ್ತೇನೆ. ಉಳಿದ ತಾಲೂಕಿನ ಓದುಗರೂ ತಮ್ಮ ತಮ್ಮ ಪಂಚಾಯ್ತಿಯದನ್ನು ಕಳಿಸಲಿ. ಮುಂದಿನ ಸಲ ಓಟು ಕೇಳಲು ಬಂದವರ ಮುಂದೆ ಆ ಪಟ್ಟಿ ಇಡೋಣ.

– ಸಂಪಾದಕ