ಎಲ್ಲಾ ಹೊಲಕ್ಕೂ ಶೇಂಗಾ ಬೇಡ ಅಣ್ಣ

ಚಳ್ಳಕೆರೆ ಕಡೆ ಮಳೆ ಕೈಕೊಟ್ಟು ಶೇಂಗಾ ಹೋಯಿತು, ಮುಂದಿನ ವರ್ಷವೂ ನಾಲ್ಕೂ ಎಕರೆಗೆ ಅದನ್ನೇ ಹಾಕಲಾ ಅಂತ ಕೇಳಿದ್ದೀರಿ. ಬೇಡ ಅಣ್ಣ. ಒಂದೆಕರೆಯಾದರೂ ನವಣೆ, ಸಾಮೆಗೆ ಬಿಡಿ. ಅವಕ್ಕೆ ಸುಮಾರು ಮೂರು ತಿಂಗಳು, ಸ್ವಲ್ಪ ಮಳೆ ಸಾಕು. ಶೇಂಗಾ ಹಾಗಲ್ಲ. ಕಾಯಿ ಕಟ್ಟುವ ಹೊತ್ತಿಗೆ ಮಳೆ ತಪ್ಪಿದರೆ, ಮೇಲೆ ಗಿಡ ಹಸಿರಾಗೇ ಇರುತ್ತೆ, ಕಿತ್ತು ನೋಡಿದರೆ ಬುಡದಲ್ಲಿ ಬರೀ ಜೊಳ್ಳು. ಹೊಟ್ಟೆ ಉರಿಯುತ್ತೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರಲ್ಲ, ಆ ವರ್ಷ ನಮ್ಮನೆ ನಡೆದದ್ದು ಅವ್ವ ಬೇವಿನ ಸೊಪ್ಪು ಹಾಕಿ ಕಟ್ಟಿಟ್ಟಿದ್ದ ಹಳೇ ರಾಗಿಯಿಂದ. ಪಡಿತರದ ಅಕ್ಕಿ ಇತ್ತು, ನಿಜ. ಆದರೆ ಬೆಳೆಯುವ ಮಕ್ಕಳಿಗೆ ಅದೊಂದೇ ಸಾಲದು. ಅದಕ್ಕೇ, ಮನೆಗೆ ಬೇಳೆಯೂ ಸಿಗಲಿ ಅಂತ, ಶೇಂಗಾ ಸಾಲುಗಳ ನಡುವೆ ತೊಗರಿಯನ್ನು ಅಕ್ಕಡಿ, ಅಂದರೆ ಮಿಶ್ರ ಬೆಳೆಯಾಗಿ, ಹಾಕಿ.

ಬೆಳೆ ವಿಮೆ ತಪ್ಪಿಸಬೇಡಿ. ಮುಂಗಾರಿನ ಶೇಂಗಾಕ್ಕೆ ರೈತರು ಕಟ್ಟುವುದು ವಿಮೆ ಮೊತ್ತದ ಶೇ. 2ರಷ್ಟೇ.